ಮೂರನೆಯ ಗ್ಲಾಸು

ಮೂವತ್ತೊಂದು ವರ್ಷದಲ್ಲಿ ಗ್ಲಾಸಮ್ಮ ತೊಳೆದ ಗ್ಲಾಸುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನವರೆಗೆ ಹತ್ತಿ, ಅಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿ ಕೂತು, ಇಳಿದು ಬರಬಹುದಿತ್ತು. ಅಂಥವಳನ್ನು ಒಂದು ಸೋಮವಾರ ಬೆಳಿಗ್ಗೆ ಟೇಸ್ಟಿಂಗ್ ರೂಮಿನಿಂದ ಎಬ್ಬಿಸಿ ಲೇಬಲ್ ಹಾಲಿಗೆ ಅಟ್ಟಿದರು.

ಅಟ್ಟಿದವನು ಮ್ಯಾನೇಜರ್. ಕತ್ತಿಗೆ ಟೈ ಬಿಗಿದುಕೊಂಡೇ ತಾಯಿಯ ಹೊಟ್ಟೆಯಿಂದ ಬಂದವನಂತಿದ್ದ. ಸಾವಿನ ಸುದ್ದಿ ತಂದವರ ಹಾಗೆ ದನಿ ಇಳಿಸಿ, ಕೈಯಲ್ಲಿದ್ದ ಕಾಗದ ತೋರಿಸಿದ. ಕಂಪನಿಗೆ ಹೆಸರು ತಂದ ವಿಸ್ಕಿ, ಕಾರ್ಖಾನೆಯವರೆಲ್ಲ ‘ಮೆತ್ತನೆಯದು’ ಎಂದು ಕರೆಯುವ ವಿಸ್ಕಿ, ಮುನ್ನೂರು ಪೆಟ್ಟಿಗೆ ವಾಪಸ್ ಬಂದಿದೆಯಂತೆ. ಇದರಲ್ಲಿ ಹೊಗೆ ವಾಸನೆ ಇದೆ, ಇದು ನಾವು ಕೇಳಿದ ಮಾಲಲ್ಲ ಎಂದು ಕೊಂಡವರು ಬರೆದಿದ್ದಾರಂತೆ. ವಿಚಾರಣೆಯೂ ಆಯಿತಂತೆ. ಗ್ಲಾಸುಗಳನ್ನು ಸರಿಯಾಗಿ ತೊಳೆಯದೆ ಎಲ್ಲಕ್ಕೂ ಹೊಗೆ ಅಂಟಿಕೊಂಡಿತ್ತು, ಅದಕ್ಕೇ ವಿಸ್ಕಿಯಲ್ಲಿದ್ದ ಹೊಗೆ ಮುಖ್ಯ ಪರೀಕ್ಷಕರ ಮೂಗಿಗೆ ಬೇರೆಯಾಗಿ ಗೊತ್ತಾಗಲಿಲ್ಲ, ಅಂತ ತೀರ್ಮಾನವಾಯಿತಂತೆ.

“ಯಾರು ಹೇಳಿದ್ದು?” ಎಂದಳು ಗ್ಲಾಸಮ್ಮ.

“ಅವರೇ ಬರೆದು ಕೊಟ್ಟಿದ್ದಾರಮ್ಮ.”

ಅವರು ಎಂದರೆ ಮುಖ್ಯ ಪರೀಕ್ಷಕ. ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಮೂಗಪ್ಪ ಎಂದೂ ಕರೆಸಿಕೊಳ್ಳುವ ದೊಡ್ಡ ಮನುಷ್ಯ. ಗ್ಲಾಸಮ್ಮನ ಒಡಹುಟ್ಟಿದ ತಮ್ಮ. ಗಂಡ ತೀರಿಕೊಂಡ ಮೇಲೆ ಅವಳು ಸಾಕಿ, ಓದಿಸಿ, ಇದೇ ಬಾಗಿಲಲ್ಲಿ ನಿಂತು ಯಜಮಾನರನ್ನು ಕಾಡಿ ಬೇಡಿ ಕೆಲಸಕ್ಕೆ ಸೇರಿಸಿದ ತಮ್ಮ.

ಆಗ ಅವಳ ನೆತ್ತಿಯಲ್ಲಿ ಹತ್ತಿದ ಬೆಂಕಿಯಲ್ಲಿ ಸಾವಿರ ಜನರ ಮದುವೆ ಅಡುಗೆ ಬೇಯಿಸಬಹುದಿತ್ತು. ಏಪ್ರನ್ ಬಿಚ್ಚಿ, ಮಡಿಸಿ, ಮ್ಯಾನೇಜರನ ಟೈ ಮೇಲೆ ಬೀಳುವ ಹಾಗೆ ಅವನ ಕೈಗಿಟ್ಟು ಹೊರಟಳು.

ಗ್ಲಾಸು ತೊಳೆಯುವುದು ಏನು ಮಹಾ ಎನ್ನುವವರು ಒಂದು ದಿನ ಆ ರೂಮಿನಲ್ಲಿ ನಿಂತು ನೋಡಬೇಕು. ಈ ಕಂಪನಿ ವಿಸ್ಕಿ ಕಾಯಿಸುವುದಕ್ಕಿಂತ ಹೆಚ್ಚಾಗಿ ಬೆರೆಸುವ ಕಂಪನಿ. ಲೋಕದಲ್ಲಿರುವ ಎಲ್ಲ ಥರದ ವಿಸ್ಕಿಯೂ ಮೇಜಿನ ಮೇಲೆ ಬಂದು ಸಾಲಾಗಿ ನಿಲ್ಲುತ್ತದೆ. ಮೊದಲು ಬರ್ಬನ್. ಮುಸುಕಿನ ಜೋಳದಿಂದ ತೆಗೆದು, ಒಳಗೆಲ್ಲ ಸುಟ್ಟು ಕರಿ ಮಾಡಿದ ಹೊಸ ಪೀಪಾಯಿಯಲ್ಲಿ ಮಲಗಿಸಿದ್ದು. ವೆನಿಲ್ಲಾ, ತಳ ಹಿಡಿದ ಸಕ್ಕರೆ ಪಾಕ. ಬಂದವರಿಗೆಲ್ಲ ಹಲ್ಲು ಕಿರಿಯುವ ಹೊಸ ಅಳಿಯನ ಹಾಗೆ. ಅದರ ಪಕ್ಕ ರೈ ಎನ್ನುವ ಧಾನ್ಯದ್ದು, ಮೆಣಸು ಕುಟ್ಟಿದ ಘಾಟಿನದು, ನಾಲಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಲ್ಲುವ ಓರಗಿತ್ತಿ. ಆಮೇಲೆ ಶೆರ್ರಿ ವೈನು ತುಂಬಿಟ್ಟಿದ್ದ ಪೀಪಾಯಿಯ ಸಿಂಗಲ್ ಮಾಲ್ಟ್, ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದದ್ದು. ಒಣದ್ರಾಕ್ಷಿ, ಹಳೆಯ ಬೀರುವಿನ ಮರ. ಇದ್ದಬದ್ದ ಒಡವೆಯೆಲ್ಲ ಹೇರಿಕೊಂಡು ಸೋಫಾದ ಮೇಲೆ ಕೂತ ದೊಡ್ಡಮ್ಮ. ಎಲ್ಲಕ್ಕಿಂತ ಕೊನೆಗೆ ಹೊಗೆಯದು. ಜೌಗು ನೆಲದಿಂದ ಕಡಿದು ಒಣಗಿಸಿದ ಪೀಟ್ ಎಂಬ ಮಣ್ಣಿನ ಹೆಂಟೆಗಳನ್ನು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ ಮಾಲ್ಟ್. ಟಿಂಚರ್, ಸುಟ್ಟ ಹಗ್ಗ, ಒದ್ದೆ ಬೂದಿ. ಅದನ್ನು ಒಂದು ಸಲ ಮೂಸಿದರೆ ಆಮೇಲೆ ಅರ್ಧ ದಿನ ಬೇರೆ ಯಾವುದೂ ಮೂಗಿಗೆ ಹತ್ತುವುದಿಲ್ಲ. ಕಾಫಿಗೆಂದು ಬಂದು ಮೂರು ತಿಂಗಳು ಎದ್ದು ಹೋಗದ ಮಾವನ ಥರ.

ಈ ಮಾವ ಉಳಿದವರ ಗ್ಲಾಸಿಗೆ ಕಾಲಿಡದ ಹಾಗೆ ನೋಡಿಕೊಳ್ಳುವುದೇ ಗ್ಲಾಸಮ್ಮನ ಕೆಲಸ. ಸೋಪು ಮುಟ್ಟಿಸುವ ಹಾಗಿಲ್ಲ. ಕೈ ಸುಡುವ ನೀರಲ್ಲಿ ಮೂರು ಸಲ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ವಾಸನೆ, ಬೀರುವಿನಲ್ಲಿ ಮುಚ್ಚಿಟ್ಟರೆ ಮುಗ್ಗಲು ವಾಸನೆ. ಹಾಗಾಗಿ ಗಾಳಿಯಲ್ಲೇ ಒಣಗಬೇಕು. ಹೊಗೆಯ ಗ್ಲಾಸಿನ ಕಾಲಿಗೆ ಕೆಂಪು ಚುಕ್ಕೆ, ಅದಕ್ಕೆ ಬೇರೆ ತೊಟ್ಟಿ, ಬೇರೆ ಹಲಗೆ. ಮೂವತ್ತೊಂದು ವರ್ಷ ಅವಳು ಘಮಘಮ ಸೋಪು ಹಚ್ಚಲಿಲ್ಲ, ತಲೆಗೆ ವಾಸನೆ ಎಣ್ಣೆ ಹಾಕಲಿಲ್ಲ, ಬೆಳಿಗ್ಗೆ ಈರುಳ್ಳಿ ತಿನ್ನಲಿಲ್ಲ. ಇದೇ ತಮ್ಮನ ಮದುವೆಯಲ್ಲಿ ನೆಂಟರೆಲ್ಲ ಸೆಂಟು ಬಳಿದುಕೊಂಡು ಮೆರೆಯುವಾಗ, ಮಾರನೆಯ ದಿನ ಡ್ಯೂಟಿ ಇದೆ ಎಂದು ಇವಳೊಬ್ಬಳು ಬರೀ ನೀರಿನ ವಾಸನೆಯಲ್ಲಿ ನಿಂತಿದ್ದಳು.

ಒಂದು ತೊಟ್ಟು ಕುಡಿದವಳಲ್ಲ, ಆದರೆ ಮೂಸಿದ್ದನ್ನು ಲೆಕ್ಕ ಹಾಕಿದರೆ ಒಂದು ಸಮುದ್ರ. ಅದೂ ಖಾಲಿ ಗ್ಲಾಸಿನಿಂದ. ತುಂಬಿದ ಗ್ಲಾಸಿನಲ್ಲಿ ವಿಸ್ಕಿ ನೆಂಟರ ಮುಂದೆ ಕೂತ ಹಾಗೆ ಸಭ್ಯವಾಗಿರುತ್ತದೆ. ಖಾಲಿಯಾಗಿ ಒಂದು ರಾತ್ರಿ ಕಳೆದ ಗ್ಲಾಸನ್ನು ಬೆಳಿಗ್ಗೆ ತೊಳೆಯುವ ಮೊದಲು ಮೂಸಿದರೆ ಅದರ ನಿಜವಾದ ಬಣ್ಣ ಗೊತ್ತಾಗುತ್ತದೆ. ಮಿಕ್ಕದ್ದೆಲ್ಲ ಹಾರಿಹೋಗಿ ಹೊಗೆ ಮಾತ್ರ ತಳದಲ್ಲಿ ಕೂತಿರುತ್ತದೆ. ಆರು ವರ್ಷದ ಹಿಂದೆಯೇ ಒಂದು ದಿನ ಮೆತ್ತನೆಯದರ ಗ್ಲಾಸಿನ ತಳದಲ್ಲಿ ಈ ಮಾವನ ಹೆಜ್ಜೆ ಕಂಡು ಅವಳು ತಮ್ಮನಿಗೆ ಹೇಳಿದ್ದಳು. ಅವನು ಎಲ್ಲರ ಮುಂದೆ ನಕ್ಕು, ತೊಳೆಯುವವರು ತೊಳೆಯಲಿ, ಮೂಸುವವರು ಮೂಸುತ್ತಾರೆ ಎಂದಿದ್ದ. ಅವಳು ನುಂಗಿಕೊಂಡಿದ್ದಳು. ನುಂಗಿದ್ದು ಈಗ ಆರು ವರ್ಷದ ಬಡ್ಡಿ ಸಮೇತ ಗಂಟಲಿಗೆ ಬಂದಿತ್ತು.

ಲೇಬಲ್ ಹಾಲಿನಲ್ಲಿ ಮೆಷಿನ್ನುಗಳ ಸದ್ದಿಗೆ ಸತ್ತವರೂ ಎದ್ದು ಕೂರಬೇಕು. ನಲವತ್ತು ಹೆಂಗಸರು. ಅವರಿಗೆಲ್ಲ ದೊಡ್ಡವಳು ಗೋಂದಕ್ಕ; ಅಂಟಿನ ಡಬ್ಬದ ಪಕ್ಕ ಕೂತು ಕೂತು ಅವಳಿಗೇ ಆ ಹೆಸರು ಅಂಟಿತ್ತು. ಗ್ಲಾಸಮ್ಮ ಒಳಗೆ ಕಾಲಿಡುವ ಮೊದಲೇ ಸುದ್ದಿ ಕಾಲಿಟ್ಟಾಗಿತ್ತು. ಯಾರೂ ಎದುರಿಗೆ ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಮಾತ್ರ ಒಬ್ಬಳು, ಗ್ಲಾಸಮ್ಮ ಎತ್ತಿ ಕೊಟ್ಟ ತನ್ನ ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಇನ್ನೊಮ್ಮೆ ತೊಳೆದುಕೊಂಡು ಬಂದಳು.

“ಏನೂ ಅಂದ್ಕೋಬೇಡಿ ಗ್ಲಾಸಮ್ಮ,” ಎಂದಳು ಗೋಂದಕ್ಕ. “ಇಲ್ಲಿ ಎಲ್ರಿಗೂ ಮೂಗು ಸ್ವಲ್ಪ ಚುರುಕು.”

ಗ್ಲಾಸಮ್ಮನ ಕೈಯಲ್ಲಿದ್ದ ಲೇಬಲ್ ಸೀಸೆಗೆ ಸೊಟ್ಟಗೆ ಅಂಟಿತು. ಅವಳು ಅದನ್ನು ಕಿತ್ತು ತನ್ನ ಮೊಣಕೈಗೆ ಅಂಟಿಸಿಕೊಂಡು, ಕಿತ್ತು, ಮತ್ತೆ ಅಂಟಿಸಿಕೊಂಡು, ಊಟದ ಗಂಟೆ ಮುಗಿಯುವವರೆಗೂ ಅದನ್ನೇ ಮಾಡಿದಳು. ಸಂಬಳ ಕಡಿಮೆಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವಳಿಗೆ ಇದ್ದದ್ದೇ ಒಂದು ಹೆಸರು. ಅವಳು ತೊಳೆದದ್ದು ತೊಳೆದದ್ದೇ ಎನ್ನುವ ಹೆಸರು. ಅದನ್ನು ಕಿತ್ತುಕೊಂಡವನು ಇವತ್ತು ಸಂಜೆ ಮನೆಗೆ ಬಂದು, ಅಕ್ಕ ಊಟಕ್ಕೆ ಹಾಕು ಎನ್ನುತ್ತಾನೆ.

ಅಂದು ಮಧ್ಯಾಹ್ನ ಪೀಪಾಯಿ ಮೇಸ್ತ್ರಿ ಖಾಲಿ ಪೆಟ್ಟಿಗೆ ಕೇಳುವ ನೆಪದಲ್ಲಿ ಬಂದು ಪಕ್ಕದಲ್ಲಿ ಕೂತ. ಮರದಷ್ಟೇ ಮಾತಾಡುವ ಮನುಷ್ಯ. ಆ ದಿನ ಒಂದು ವರ್ಷದ ಮಾತು ಒಟ್ಟಿಗೆ ಆಡಿದ. ಒಂಬತ್ತು ವರ್ಷದ ಹಿಂದೆ ಪೀಪಾಯಿಗಳು ಸಿಗದೆ ಪರದಾಡಿದಾಗ, ಹೊಗೆ ಮಾಲ್ಟ್ ಇಟ್ಟು ಖಾಲಿ ಮಾಡಿದ್ದ ಹಳೆಯ ಪೀಪಾಯಿಗಳಿಗೇ ಮೆತ್ತನೆಯದರ ಮಾಲು ತುಂಬಿದ್ದರಂತೆ. ಮರ ಕುಡಿದ ಹೊಗೆ ಸುಲಭಕ್ಕೆ ಹೋಗುವುದಿಲ್ಲ, ಆಮೇಲೆ ತುಂಬಿದ್ದಕ್ಕೆಲ್ಲ ಇಳಿಯುತ್ತದೆ. ಅದರಲ್ಲಿ ಮೊದಲ ವರ್ಷ ನಾಲ್ಕು ಪೀಪಾಯಿ ಬೆರೆಸಿದರು, ಮರುವರ್ಷ ಏಳು, ಆಮೇಲೆ ಹತ್ತು, ಹೀಗೆ ಏರುತ್ತಾ ಹೋಯಿತು. ತಾನು ಬಾಯಿಬಿಟ್ಟು ಹೇಳಿದ್ದನಂತೆ. ಮೂಗಪ್ಪನವರು ಮೂಸಿ, ಹೋದ ವರ್ಷದ ಹಾಗೇ ಇದೆ ಎಂದು ಪ್ರತಿ ಸಲವೂ ಪಾಸ್ ಮಾಡಿದರಂತೆ.

“ಹೋದ ವರ್ಷದ ಹಾಗಾ?” ಎಂದಳು ಗ್ಲಾಸಮ್ಮ. “ತಾಯಿ ಸೀಸೆ ಹಾಗೆ ಅನ್ನಲಿಲ್ವಾ?”

ಮೇಸ್ತ್ರಿ ಅದೆಲ್ಲ ತನಗೆ ಗೊತ್ತಿಲ್ಲ ಎಂದು ಎದ್ದು ಹೋದ.

ತಾಯಿ ಸೀಸೆ ಎಂದರೆ ಯಜಮಾನರ ತಂದೆ, ದೊಡ್ಡ ಯಜಮಾನರು, ಮೊಟ್ಟಮೊದಲು ಬೆರೆಸಿದ ಮೆತ್ತನೆಯದರ ಸೀಸೆ. ಬೀಗದ ಬೀರುವಿನಲ್ಲಿರುತ್ತದೆ, ಬೀಗದ ಕೈ ಮುಖ್ಯ ಪರೀಕ್ಷಕನ ಹತ್ತಿರ. ವರ್ಷಕ್ಕೊಮ್ಮೆ ಹದ ನೋಡುವ ದಿನ ಮೇಜಿನ ಮೇಲೆ ಮೂರು ಗ್ಲಾಸು ಇಡಬೇಕು: ಈ ವರ್ಷದ್ದು, ಹೋದ ವರ್ಷದ್ದು, ತಾಯಿ ಸೀಸೆಯದು. ಮೂರೂ ಒಂದೇ ದಾರಿಯಲ್ಲಿದ್ದರೆ ಮಾತ್ರ ಸೀಸೆ ತುಂಬಿಸಬೇಕು. ಹಿಂದಿನ ಪರೀಕ್ಷಕ ಇದ್ದ ಕಾಲಕ್ಕೆಲ್ಲ ಆ ದಿನ ತೊಳೆಯುವ ತೊಟ್ಟಿಗೆ ಮೂರು ಗ್ಲಾಸು ಬರುತ್ತಿದ್ದವು. ತಮ್ಮನ ಕಾಲದಲ್ಲೂ ಮೊದಲು ಬರುತ್ತಿದ್ದವು. ಆಮೇಲೆ ಎರಡು. ಒಂಬತ್ತು ವರ್ಷದಿಂದ ಎರಡೇ. ಅಷ್ಟು ಬೆಲೆಬಾಳುವ ಗ್ಲಾಸನ್ನು ಬೇರೆಯವರ ಕೈಗೆ ಕೊಡಬಾರದೆಂದು ತಮ್ಮನೇ ತೊಳೆದಿಡುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಯಾರು, ಈ ತಮ್ಮ! ಹುಟ್ಟಿದಂದಿನಿಂದ ಉಂಡ ತಟ್ಟೆಯನ್ನು ಒಂದು ಗೇಣು ಆಚೆ ಸರಿಸದವನು ಗ್ಲಾಸು ತೊಳೆಯುತ್ತಾನೆ ಎಂದು ಒಂಬತ್ತು ವರ್ಷ ನಂಬಿದ ತನ್ನ ಬುದ್ಧಿಗೆ ಯಾವ ಪೊರಕೆಯಿಂದ ಹೊಡೆಯಲಿ ಎಂದು ಅವಳಿಗೆ ತೋಚಲಿಲ್ಲ.

ಸಂಜೆ ಅವನು ಬಂದ. ಕೈಕಾಲು ತೊಳೆದ. ಮೇಜಿನ ಮುಂದೆ ಕೂತ. ಗ್ಲಾಸಮ್ಮ ತಟ್ಟೆಯನ್ನು ಇಟ್ಟ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ತಮ್ಮನ ಹೆಂಡತಿ ಒಳ್ಳೆಯ ಹೆಂಗಸು, ಬೆಣ್ಣೆಯಂಥವಳು. ಅತ್ತಿಗೆ ಬಿಡಿ, ಊಟ ಆಗಲಿ, ಆಮೇಲೆ ಮಾತಾಡೋಣ ಎಂದು ನಡುವೆ ಬಂದಳು. ಬಂದ ಹಾಗೇ ಕರಗಿ ಅಡುಗೆಮನೆಗೆ ಹರಿದುಹೋದಳು.

“ಯಾಕೋ ಹಾಗೆ ಬರೆದೆ?”

ಅವನು ತಟ್ಟೆ ನೋಡುತ್ತಾ ಹೇಳಿದ. “ಏನಾದ್ರೂ ಒಂದು ಬರೀಬೇಕಿತ್ತಲ್ಲ ಅಕ್ಕ.”

“ಏನಾದ್ರೂ ಒಂದು ಅಂದ್ರೆ ನಾನಾ?”

“ನಿಂಗೆ ಇನ್ನೆರಡು ವರ್ಷ ಸರ್ವೀಸು. ಲೇಬಲ್ ಅಂಟಿಸಿದ್ರೂ ಅದೇ ಸಂಬಳ. ಗ್ಲಾಸಿನ ತಪ್ಪು ಅಂದ್ರೆ ನಾಲ್ಕು ದಿನ ಮಾತಾಡಿ ಮರೀತಾರೆ. ಮೂಗಿನ ತಪ್ಪು ಅಂದ್ರೆ ನಾನು ಎಲ್ಲಿಗೆ ಹೋಗ್ಲಿ? ಈ ಮನೆ ನಡೀತಿರೋದೇ ನನ್ನ ಮೂಗಿಂದ.”

ಈ ಮೂಗನ್ನು ಸಾಕಿದ್ದು ಯಾರ ಕೈ ಎಂದು ಕೇಳಬೇಕೆನಿಸಿತು. ಶೀತವಾದಾಗ ಹಿಡಿದು ಸಿಂಬಳ ತೆಗೆದದ್ದು, ಕೆಲಸಕ್ಕೆ ಸೇರಿದ ಮೊದಲ ವರ್ಷ ತಾನು ತಂದ ಖಾಲಿ ಗ್ಲಾಸುಗಳನ್ನು ಒಂದೊಂದಾಗಿ ಅದರ ಕೆಳಗೆ ಹಿಡಿದು, ಇದು ಜೋಳದ್ದು ಕಣೋ, ಇದು ಬಾರ್ಲಿಯದು ಕಣೋ ಎಂದು ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಅವಳು ಅದನ್ನೆಲ್ಲ ಬಿಟ್ಟಳು.

“ತಾಯಿ ಸೀಸೆ ಮೂಸಿ ಎಷ್ಟು ವರ್ಷ ಆಯ್ತು?”

ಅವನ ಕೈ ತಟ್ಟೆಯಲ್ಲೇ ನಿಂತಿತು. ಒಂಬತ್ತು ವರ್ಷ ಎಂದು ಒಪ್ಪಿಕೊಂಡ. ಅದರಲ್ಲಿ ಹೆಬ್ಬೆರಳಿನಷ್ಟು ಮಾತ್ರ ಉಳಿದಿತ್ತಂತೆ. ಇನ್ನು ಎರಡು ಮೂರು ಸಲ ಬಗ್ಗಿಸಿದರೆ ಮುಗಿಯಿತು. ಅದನ್ನು ಮುಗಿಸಿದವನು ಇವನೇ ಎಂಬ ಹೆಸರು ತನಗೆ ಬರಬಾರದೆಂದು, ಈ ವರ್ಷ ಬೇಡ, ಮುಂದಿನ ವರ್ಷ ತೆಗೆದರಾಯಿತು ಎಂದುಕೊಂಡನಂತೆ. ಮುಂದಿನ ವರ್ಷವೂ ಹಾಗೇ ಅಂದುಕೊಂಡ. ಹೋದ ವರ್ಷದ್ದರ ಜೊತೆ ಹೋಲಿಸಿದರೆ ಸಾಕಲ್ಲ, ಕೂದಲೆಳೆಗಿಂತ ಹೆಚ್ಚು ವ್ಯತ್ಯಾಸ ಯಾವತ್ತೂ ಇರಲಿಲ್ಲ ಎಂದ. ಆ ಕೂದಲೆಳೆಗಳನ್ನೆಲ್ಲ ಸೇರಿಸಿ ಹೆಣೆದರೆ ಈಗ ಮೊಣಕಾಲುದ್ದದ ಜಡೆಯಾಗಿದೆ ಎಂದಳು ಗ್ಲಾಸಮ್ಮ.

ಗುರುವಾರ ಹನ್ನೊಂದು ಗಂಟೆಗೆ ಕೊಳ್ಳುವ ಕಡೆಯವರು ಬರುತ್ತಾರೆ, ಯಜಮಾನರೂ ಇರುತ್ತಾರೆ. ಅಲ್ಲಿ ನೀನೇ ಬಾಯಿಬಿಟ್ಟು ಹೇಳು, ಇಲ್ಲದಿದ್ದರೆ ನಾನು ಬಂದು ಹೇಳುತ್ತೇನೆ ಎಂದಳು.

ಅವನು ಆಗ ತಲೆ ಎತ್ತಿ, ನಿಧಾನವಾಗಿ, ಹೆಚ್ಚುಕಡಿಮೆ ಪ್ರೀತಿಯಿಂದಲೇ ಹೇಳಿದ. “ನೀನು ಹೇಳಲ್ಲ ಅಕ್ಕ. ನಂಗೊತ್ತು.”

ಅವನು ಬೈದಿದ್ದರೆ ಅವಳು ಒಂದು ವೇಳೆ ಸುಮ್ಮನಾಗುತ್ತಿದ್ದಳೋ ಏನೋ. ಈ ಮಾತು ಮಾತ್ರ ಮೈಯಲ್ಲಿದ್ದ ಒಂದೊಂದು ಮೂಳೆಯನ್ನೂ ಹೊಕ್ಕು ಬೇರೆ ಬೇರೆಯಾಗಿ ಉರಿಸಿತು. ಮಂಗಳವಾರ, ಬುಧವಾರ ಅವಳು ಅವನ ಜೊತೆ ಮಾತಾಡಲಿಲ್ಲ. ಕೋಪದಲ್ಲಿ ಅವಳು ಅಂಟಿಸಿದ ಲೇಬಲ್‌ಗಳು ಎಷ್ಟು ಬಿಗಿಯಾಗಿದ್ದವೆಂದರೆ, ಪ್ರಳಯವಾಗಿ ಸೀಸೆಗಳು ಕೊಚ್ಚಿಹೋದರೂ ಲೇಬಲ್ಲು ಮಾತ್ರ ಉಳಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಪಾತ್ರೆ ಅಂಗಡಿಗೆ ಹೋಗಿ, ಕಾಲಿರುವ ಹನ್ನೆರಡು ಗ್ಲಾಸುಗಳ ಹೊಸ ಪೆಟ್ಟಿಗೆ ಕೊಂಡಳು. ಪೆಟ್ಟಿಗೆ ಬಿಚ್ಚಿ ತೋರಿಸುತ್ತೇನೆ ಎಂದು ಅಂಗಡಿಯವನು ಕೈ ಹಾಕಿದ್ದಕ್ಕೆ ಅವನ ಕೈಗೇ ಒಂದು ಏಟು ಕೊಟ್ಟಳು. ಅಂಟಿನ ಪಟ್ಟಿ ಹಾಗೇ ಇರುವಂತೆ ಹೊತ್ತುಕೊಂಡು ಟೇಸ್ಟಿಂಗ್ ರೂಮಿನ ಹೊರಗೆ ನಿಂತಳು. ಹನ್ನೊಂದು ಗಂಟೆಯಾಯಿತು. ಒಳಗಿನ ಮಾತೆಲ್ಲ ಗಾಜಿನ ಬಾಗಿಲಲ್ಲಿ ಕೇಳಿಸುತ್ತಿತ್ತು. ಮ್ಯಾನೇಜರ್ ಗ್ಲಾಸುಗಳ ವಿಷಯ ಹೇಳಿ, ಆ ಹೆಂಗಸನ್ನು ತೆಗೆದು ಬೇರೆ ಕಡೆ ಹಾಕಿದ್ದೇವೆ, ಇನ್ನು ಮುಂದೆ ಹೀಗಾಗುವುದಿಲ್ಲ ಎಂದ. ತಮ್ಮ ಈಗ ಬಾಯಿಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ಅವಳು ಕಾದಳು. ಅವನು ಕೆಮ್ಮಿದ. ಅಷ್ಟೇ.

ಅವಳು ಬಾಗಿಲು ತಳ್ಳಿದಳು.

ನೀವು ಇಲ್ಲಿಗೆ ಬರುವ ಹಾಗಿಲ್ಲ ಎಂದು ಮ್ಯಾನೇಜರ್ ಎದ್ದ. ಯಜಮಾನರು ಕೋಲಿನಿಂದ ಅವನನ್ನು ಕೂರಲು ಸನ್ನೆ ಮಾಡಿದರು. ಎಂಬತ್ತರ ಮುದುಕ, ಗ್ಲಾಸಮ್ಮನನ್ನು ಕೆಲಸಕ್ಕೆ ತೆಗೆದುಕೊಂಡವರೇ ಅವರು. ಅವರ ಪಕ್ಕ ಕೊಳ್ಳುವ ಕಡೆಯಿಂದ ಬಂದ ಹೆಂಗಸು, ಕಡ್ಡಿಯ ಹಾಗಿದ್ದವಳು, ಮೊಣಕಾಲ ಮೇಲೆ ಚರ್ಮದ ಚೀಲ ಇಟ್ಟುಕೊಂಡು ಕೂತಿದ್ದಳು.

ಗ್ಲಾಸಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿದಳು. “ಇದು ಹೊಸದು. ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಮ್ಯಾನೇಜರ್ ಸಾಹೇಬ್ರೇ ತೊಳೀಲಿ. ಹೋದ ವರ್ಷದ್ದು ಒಂದರಲ್ಲಿ, ಈ ವರ್ಷದ್ದು ಒಂದರಲ್ಲಿ ಹಾಕ್ಲಿ. ಯಾವುದು ಯಾವುದು ಅಂತ ಪರೀಕ್ಷಕರಿಗೆ ಹೇಳ್ಬೇಡಿ. ಕೊಳಕು ಗ್ಲಾಸಿಂದಾನೇ ಮೂಗು ಕೆಟ್ಟಿದ್ರೆ, ಇವತ್ತು ಹೊಗೆ ಗೊತ್ತಾಗ್ಬೇಕಲ್ಲ.”

ಮ್ಯಾನೇಜರ್ ತೊಳೆದ. ಮೂರು ಸಲ ಬಿಸಿನೀರಲ್ಲಿ ತೊಳೆಯುವ ಹೊತ್ತಿಗೆ ಅವನ ಟೈಯೂ ಮೂರು ಸಲ ತೊಳೆಸಿಕೊಂಡಿತ್ತು. ತಮ್ಮ ಎರಡು ಗ್ಲಾಸನ್ನೂ ಸುತ್ತಿ, ಮೂಗು ಇಳಿಸಿ, ಎತ್ತಿ, ನೀರು ಬೆರೆಸಿ, ಮತ್ತೆ ಇಳಿಸಿ ನೋಡಿದ. ಅವನ ಮೂಗು ಸುಳ್ಳು ಹೇಳುವ ಮೂಗಲ್ಲ. ಅದನ್ನು ತಿದ್ದಿದವಳು ಎದುರಿಗೇ ನಿಂತಿದ್ದಳು.

“ಎರಡೂ ಒಂದೇ,” ಎಂದ.

ಕಡ್ಡಿ ಹೆಂಗಸು ಗ್ಲಾಸುಗಳನ್ನು ತನ್ನ ಕಡೆ ಎಳೆದುಕೊಂಡು ಮೂಸಿದಳು. ಹೆಚ್ಚುಕಡಿಮೆ ಒಂದೇ, ನಿಜ, ಆದರೆ ಎರಡರಲ್ಲೂ ಹೊಗೆ ಇದೆ, ಈ ವರ್ಷದ್ದರಲ್ಲಿ ಒಂದು ಎಳೆ ಜಾಸ್ತಿ ಎಂದಳು. ಹೊಸ ಗ್ಲಾಸಿನಲ್ಲೂ ಪರೀಕ್ಷಕರ ಮೂಗಿಗೆ ಹೊಗೆ ಹತ್ತಲಿಲ್ಲವೆಂದ ಮೇಲೆ ಗ್ಲಾಸಿನ ಕಥೆ ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ಒದ್ದೆ ಟೈಯನ್ನು ಹಿಂಡುತ್ತಾ ಸೂರನ್ನು ನೋಡಿದ. ಈಗಲಾದರೂ ಹೇಳುತ್ತಾನೆ ಎಂದು ಗ್ಲಾಸಮ್ಮ ತಮ್ಮನ ಮುಖ ನೋಡಿದಳು.

ಅವನು ಹೇಳಿದ್ದೇ ಬೇರೆ. ಅದು ಹೊಗೆಯಲ್ಲ, ಈ ವಿಸ್ಕಿಯ ಹುಟ್ಟುಗುಣ, ದೊಡ್ಡ ಯಜಮಾನರ ಕಾಲದಿಂದಲೂ ಹೀಗೇ ಇದೆ ಎಂದ. ತಾಯಿ ಸೀಸೆಯಲ್ಲೂ ಇದೆಯೇ ಎಂದು ಯಜಮಾನರು ಕೇಳಿದರು. ಇದೆ ಎಂದ. ಪ್ರತಿ ವರ್ಷ ತೆಗೆದು ನೋಡುತ್ತೀರಾ ಎಂದರು. ನೋಡುತ್ತೇನೆ ಎಂದ.

ಗ್ಲಾಸಮ್ಮನ ಕಟ್ಟಿದ್ದ ಕೈ ಬಿಚ್ಚಿತು.

“ಯಜಮಾನ್ರೇ, ನಂಗೆ ಓದು ಬರಹ ಬರಲ್ಲ. ಮೂರರವರೆಗೆ ಎಣಿಸೋಕೆ ಬರುತ್ತೆ. ಹದ ನೋಡೋ ದಿನ ಮೂರು ಗ್ಲಾಸು ತೊಟ್ಟಿಗೆ ಬರ್ಬೇಕು. ಒಂಬತ್ತು ವರ್ಷದಿಂದ ನಾನು ಎರಡೇ ತೊಳ್ದಿದ್ದೀನಿ. ಆ ಮೂರನೇ ಗ್ಲಾಸು ಎಲ್ಲಿ ಹೋಯ್ತು ಅಂತ ಕೇಳಿ.”

ಯಜಮಾನರು ಕೇಳಲಿಲ್ಲ. ಬೀಗದ ಕೈಗೆ ಕೈಚಾಚಿದರು. ಬೀರು ತೆಗೆದು ಸೀಸೆ ತಂದರು. ಬಿರಡೆ ತಿರುಗಿಸಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗಿ ಅರ್ಧ ಒಳಗೇ ಬಿತ್ತು. ತಳದಲ್ಲಿ ಹೆಬ್ಬೆರಳಿನಷ್ಟೂ ಇರಲಿಲ್ಲ, ಉಗುರಿನಷ್ಟಿತ್ತು. ಮುದುಕರು ಅದನ್ನೇ ಗ್ಲಾಸಿಗೆ ಬಗ್ಗಿಸಿ ಮೂಸಿದರು. ಪಕ್ಕದವರಿಗೆ ಕೊಟ್ಟರು. ಗ್ಲಾಸಮ್ಮನ ಸರದಿಯೂ ಬಂತು. ನೆನೆದ ರಟ್ಟಿನ ವಾಸನೆ. ಗಾಳಿ ಹೊಕ್ಕು, ಒಳಗಿದ್ದದ್ದು ಯಾವತ್ತೋ ಸತ್ತುಹೋಗಿತ್ತು. ಹೊಗೆ ಇತ್ತೋ ಇಲ್ಲವೋ ಎಂದು ಇನ್ನು ಅದನ್ನು ಕೇಳಿ ಪ್ರಯೋಜನವಿರಲಿಲ್ಲ.

ಯಜಮಾನರು ಗ್ಲಾಸನ್ನು ವಾಪಸ್ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಆಮೇಲೆ, ಮುದುಕರ ಸುಸ್ತಿನ ದನಿಯಲ್ಲಿ, ಹಳೆಯ ಸೀಸೆ, ಬಿರಡೆ ಕೆಟ್ಟಿದೆ, ಯಾರು ಏನು ಮಾಡೋಕಾಗುತ್ತೆ ಎಂದರು. ಪೀಪಾಯಿಗಳ ದೋಷ ಎಂದು ಬರೆದು ಕೊಡೋಣ ಎಂದರು. ಮ್ಯಾನೇಜರ್ ತಕ್ಷಣ ಪೆನ್ನು ತೆಗೆದ. ತಮ್ಮ ಹಿಡಿದಿದ್ದ ಉಸಿರನ್ನು ಬಿಟ್ಟದ್ದು ಗ್ಲಾಸಮ್ಮನಿಗೆ ಕೇಳಿಸಿತು. ಆ ಉಸಿರು ಕೇಳಿಸದೆ ಇದ್ದಿದ್ದರೆ ಅವಳು ಬಹುಶಃ ಹೊರಟುಬಿಡುತ್ತಿದ್ದಳು.

“ಬರೀರಿ,” ಎಂದಳು. “ಸೋಮವಾರ ಗ್ಲಾಸಿನ ಮ್ಯಾಲೆ ಬರೆದ್ರಿ, ಇವತ್ತು ಪೀಪಾಯಿ ಮ್ಯಾಲೆ ಬರೀರಿ. ಗ್ಲಾಸಿಗೆ ಬಾಯಿಲ್ಲ, ಪೀಪಾಯಿಗೆ ಬಾಯಿಲ್ಲ, ಗ್ಲಾಸು ತೊಳೆಯೋಳಿಗೂ ಇಲ್ಲ ಅಂದ್ಕೊಂಡ್ರಿ.” ಆಮೇಲೆ ತಮ್ಮನ ಕಡೆ ತಿರುಗಿದಳು. ದನಿ ಏರಲಿಲ್ಲ, ಇಳಿಯಿತು. “ತಪ್ಪು ಮಾಡಿದ್ದಕ್ಕೆ ನಂಗೆ ಕೋಪ ಇಲ್ಲ ಕಣೋ. ಮುಗಿದುಹೋಗುತ್ತೆ ಅಂತ ಹೆದರಿದೆ, ಸರಿ, ಯಾರಾದ್ರೂ ಹೆದರ್ತಾರೆ. ನಾನು ಬಾಯಿ ಬಿಡಲ್ಲ ಅಂದೆಯಲ್ಲ. ನಾನು ನಿನ್ನ ಮೇಲಿಟ್ಟ ಪ್ರೀತೀನ ಒರೆಸೋ ಬಟ್ಟೆ ಮಾಡ್ಕೊಂಡೆಯಲ್ಲ. ಅದಕ್ಕೆ.”

ಪೆನ್ನು ಗಾಳಿಯಲ್ಲೇ ನಿಂತಿತ್ತು. ತಮ್ಮ ಎದ್ದ. ಬಚಾವಾಗುವ ದಾರಿ ಯಜಮಾನರೇ ತೆರೆದಿಟ್ಟಿದ್ದರು, ಕಾಲಿಟ್ಟರೆ ಸಾಕಿತ್ತು. ಅವನು ಕಾಲಿಡಲಿಲ್ಲ.

“ಒಂಬತ್ತು ವರ್ಷದಿಂದ ನಾನು ಸೀಸೆ ತೆಗೆದಿಲ್ಲ ಯಜಮಾನ್ರೇ,” ಎಂದ. “ಮುಗಿಸಿದವನು ನಾನಾಗಬಾರ್ದು ಅಂತ. ಹೋದ ವರ್ಷದ್ದನ್ನೇ ನೋಡಿ ಪಾಸ್ ಮಾಡ್ತಾ ಬಂದೆ. ಗ್ಲಾಸಿನ ವಿಷಯ ಸುಳ್ಳು. ಅಕ್ಕ ಆರು ವರ್ಷದ ಹಿಂದೇನೇ ಹೊಗೆ ಅಂದಿದ್ಲು.”

ಕಡ್ಡಿ ಹೆಂಗಸು ಚೀಲದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಹನ್ನೆರಡು ವರ್ಷದ ಹಿಂದಿನ ಮೆತ್ತನೆಯದು, ಮುಚ್ಚಳ ಒಡೆಯದ್ದು. ಅವರ ಗೋದಾಮಿನ ಮೂಲೆಯಲ್ಲಿ ಇದರದ್ದೇ ಒಂದು ಪೆಟ್ಟಿಗೆ ಉಳಿದಿತ್ತಂತೆ. ಅದರಲ್ಲೊಂದನ್ನು ಒಡೆದು ಹೊಸದರ ಪಕ್ಕ ಇಟ್ಟು ನೋಡಿದ್ದಕ್ಕೇ ಕಾಗದ ಬರೆದದ್ದಂತೆ. ಇದರ ಹದಕ್ಕೆ ತಂದು ಕೊಡಿ, ತೆಗೆದುಕೊಳ್ಳುತ್ತೇವೆ ಎಂದಳು. ಯಜಮಾನರು ಬೀಗದ ಕೈಯನ್ನು ತಮ್ಮನಿಗೆ ವಾಪಸ್ ಕೊಡಲಿಲ್ಲ, ತಾವೇ ಜೇಬಿಗೆ ಹಾಕಿಕೊಂಡರು. ನಿಮ್ಮ ವಿಷಯ ನಾಳೆ ಮಾತಾಡೋಣ ಎಂದು ಅವನಿಗೂ, ನೀವು ಇವತ್ತಿನಿಂದಲೇ ಈ ರೂಮಿಗೆ ಬನ್ನಿ ಎಂದು ಗ್ಲಾಸಮ್ಮನಿಗೂ ಹೇಳಿದರು.

“ಬರಲ್ಲ,” ಎಂದಳು ಗ್ಲಾಸಮ್ಮ. “ನನ್ನ ಹೆಸರು ಹೋಗಿದ್ದು ಈ ರೂಮಲ್ಲಿ ಅಲ್ಲ. ಅಲ್ಲಿ ನಲವತ್ತು ಜನ ನನ್ನ ಕೈ ಮುಟ್ಟಿದ ಲೋಟಾನ ಇನ್ನೊಂದ್ಸಲ ತೊಳೀತಿದ್ದಾರೆ. ಇವನು ಅಲ್ಲಿ ಬಂದು ಹೇಳ್ಲಿ.”

ಮೂಗಪ್ಪ ಲೇಬಲ್ ಹಾಲಿಗೆ ಕಾಲಿಟ್ಟದ್ದು ಹದಿನೈದು ವರ್ಷದಲ್ಲಿ ಅದೇ ಮೊದಲು. ಅಂಟಿನ ವಾಸನೆ ಮೂಗಿಗೆ ಆಗದೆಂದು ಅವನು ಆ ದಿಕ್ಕಿಗೇ ಹೋಗುತ್ತಿರಲಿಲ್ಲ. ಮೆಷಿನ್ನುಗಳ ಸದ್ದಿನ ನಡುವೆ ನಿಂತು, ನೆಲ ನೋಡುತ್ತಾ ಹೇಳಿ ಮುಗಿಸಿದ. ಯಾರಿಗೂ ಕೇಳಿಸಲಿಲ್ಲ. ಗೋಂದಕ್ಕ ಎದ್ದು ಹೋಗಿ ದೊಡ್ಡ ಸ್ವಿಚ್ಚು ಆರಿಸಿದಳು. ಮೆಷಿನ್ನುಗಳೆಲ್ಲ ನಿಂತವು.

“ಇನ್ನೊಂದ್ಸಲ ಹೇಳಿ ಸಾರ್. ನಮಗೆ ಮೂಗು ಚುರುಕು, ಕಿವಿ ಸ್ವಲ್ಪ ಮಂದ.”

ಅವನು ಮತ್ತೆ ಹೇಳಿದ. ಗ್ಲಾಸಿನಲ್ಲಿ ಏನೂ ತಪ್ಪಿರಲಿಲ್ಲ, ತಪ್ಪು ತನ್ನದು, ಅಕ್ಕನ ಮೇಲೆ ಸುಳ್ಳು ಬರೆದೆ ಎಂದು, ಮೂಲೆಯವರಿಗೂ ಕೇಳುವ ಹಾಗೆ. ಲೋಟ ತೊಳೆದುಕೊಂಡು ಬಂದಿದ್ದವಳು ಅಂಟಿನ ಡಬ್ಬದೊಳಗೆ ಮುಖ ತೂರಿಸಿದಳು. ಗ್ಲಾಸಮ್ಮ ತನ್ನ ಜಾಗದಲ್ಲಿ ಕೂತು ಕೈಯಲ್ಲಿದ್ದ ಸೀಸೆಗೆ ಲೇಬಲ್ ಅಂಟಿಸಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಎದ್ದಳು. ಹಾಲಿನ ಬಾಗಿಲು ದಾಟಿ ಟೇಸ್ಟಿಂಗ್ ರೂಮಿನ ಕಡೆ ನಡೆದಳು. ತಮ್ಮ ಹಿಂದೆ ಹಿಂದೆ ಬಂದ.

“ಕೋಪ ಹೋಯ್ತಾ ಅಕ್ಕ?”

“ಎರಡು ಮಾತಿಗೆ ಹೋಗೋಕೆ ಅದೇನು ನೆಗಡಿನಾ?”

“ನಾಳೆ ನನ್ನ ಕೆಲಸ ಇರುತ್ತೋ ಇಲ್ವೋ.”

“ಇಲ್ದಿದ್ರೆ ಲೇಬಲ್ ಅಂಟಿಸು. ಅದೇ ಸಂಬಳ ಅಂದಿದ್ಯಲ್ಲ.”

ಹೇಳಿದ ಮೇಲೆ ಅವಳಿಗೆ ನಾಳೆ ನಿಜವಾಗಿಯೂ ಅವನನ್ನು ತೆಗೆದರೆ ಎಂಬ ಭಯ ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ರೂಮಿನೊಳಗೆ ಯಾರೂ ಇರಲಿಲ್ಲ. ಬೆಳಗಿನ ಗ್ಲಾಸುಗಳು ತೊಟ್ಟಿಯ ಪಕ್ಕ ಹೇಗೆಂದರೆ ಹಾಗೆ ಬಿದ್ದಿದ್ದವು. ಕೆಂಪು ಚುಕ್ಕೆಯದು ಒಂದು ಬೇರೆಯವರ ನಡುವೆ ಬಂದು ಕೂತಿತ್ತು. ಅವಳು ನಾಲ್ಕು ದಿನದಿಂದ ಈ ತೊಟ್ಟಿಗೆ ಕೈ ಹಾಕಿದವರ ವಂಶವನ್ನೆಲ್ಲ ಬೈಯುತ್ತಾ ನಲ್ಲಿ ತಿರುಗಿಸಿದಳು. ನೀರು ಕೈ ಸುಡುವಷ್ಟಾಗುವವರೆಗೆ ಬೆರಳು ಹಿಡಿದು ಕಾದಳು. ತಮ್ಮ ಒಳಗೆ ಬರಲು ಧೈರ್ಯ ಸಾಲದೆ, ಹೋಗಲು ಮನಸ್ಸು ಬಾರದೆ ಹೊಸ್ತಿಲಲ್ಲೇ ನಿಂತಿದ್ದ.

“ಬಾಗಿಲಿಗೆ ಅಡ್ಡ ನಿಂತು ಬೆಳಕು ತಡೀಬೇಡ,” ಎಂದಳು, ತಿರುಗಿ ನೋಡದೆ.